ಸತ್ತ ನಾಯಿಗೆ ಎರಡು ಖಂಡುಗ ನೆಲ

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಾವಿರ ವರ್ಷಕ್ಕೂ ಹಿಂದೆ ಒಂದು ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ನಾಯಿಯ ಹೆಸರು ಕಾಳಿ. ಕ್ರಿ.ಶ. 949ರ ತಕ್ಕೋಲಂ ಯುದ್ಧದಲ್ಲಿ ಮಣಲೆರ ಎಂಬ ವೀರ ಚೆನ್ನಾಗಿ ಹೋರಾಡಿದ. ಏನು ಬೇಕೋ ಕೇಳು ಎಂದ ಗಂಗರ ದೊರೆ ಬೂತುಗ. ಮಣಲೆರ ಕೇಳಿದ್ದು ದೊರೆಯ ಬೇಟೆನಾಯಿಯನ್ನು. ಆಮೇಲೆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿತ್ತು, ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಎರಡೂ ಕಾದಾಡುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಈ ಕತೆ ತುಂಬ ಜನಕ್ಕೆ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸುವುದು ಶಾಸನದ ಮುಂದಿನ ಮಾತು. ಅವರು ಸುಮ್ನೆ ಕಲ್ಲು ನೆಟ್ಟು ಹೋಗಲಿಲ್ಲ. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ (ಹಿಂದಿನ ಕಾಲದ ಒಂದು ಅಳತೆ) ನೆಲ ಬಿಟ್ಟರು. ಗುಡಿ ನೋಡಿಕೊಳ್ಳುವ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೇ ಎಂದು ಬರೆಸಿದರು. ನೆನಪಿಡುವುದು ಒಬ್ಬರ ಕೆಲಸ, ಅದಕ್ಕೆ ಸಂಬಳ ಉಂಟು, ತಪ್ಪಿದರೆ ಪಾಪವೂ ಉಂಟು!

ಮನುಷ್ಯರ ವೀರಗಲ್ಲಿನಲ್ಲೂ ಇದೇ ಲೆಕ್ಕ. ನಾವು ನೋಡುವುದು ಚಿತ್ರವನ್ನು: ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ಅವನು, ತುದಿಯಲ್ಲಿ ಸೂರ್ಯ ಚಂದ್ರ. ಸತ್ತವರು ರಾಜರೇ ಆಗಬೇಕಿರಲಿಲ್ಲ. ಊರಿನ ದನ ಹೊಡೆದುಕೊಂಡು ಹೋಗುವವರನ್ನು ತಡೆಯಲು ಹೋಗಿ, ಅಂದರೆ ತುರುಗೋಳಿನಲ್ಲಿ, ಸತ್ತವರೇ ಎಷ್ಟೋ ಜನ. ಅಂಥವರ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ‘ನೆತ್ತರುಕೊಡಗೆ’ ಎಂದು ಹೆಸರು. ರಕ್ತಕ್ಕೆ ಕೊಟ್ಟ ಹೊಲ. ಮಕ್ಕಳು ಆ ಹೊಲ ಉತ್ತು ಉಣ್ಣುವಷ್ಟು ದಿನ ಅಪ್ಪ ಯಾಕೆ ಸತ್ತ ಅಂತ ಯಾರೂ ನೆನಪಿಸಬೇಕಾಗಿರಲಿಲ್ಲ ಅಲ್ವಾ?

ಜೈನರದು ಬೇರೆ ದಾರಿ. ಸಲ್ಲೇಖನ ಮಾಡಿ, ಅಂದರೆ ವ್ರತವಾಗಿ ಅನ್ನ ನೀರು ಬಿಟ್ಟು, ದೇಹ ಬಿಟ್ಟವರಿಗೆ ನಿಸಿಧಿಗಲ್ಲು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಬಂಡೆಯ ಮೇಲೇ ಇಂಥ ಬರಹಗಳಿವೆ. ಗಂಡನ ಚಿತೆ ಏರಿದ ಹೆಂಗಸರಿಗೆ ಮಾಸ್ತಿಕಲ್ಲು. ಅದರಲ್ಲಿ ಬಳೆ ತೊಟ್ಟ ಕೈಯೊಂದು ಮೇಲೆದ್ದಿರುತ್ತದೆ. ಎಷ್ಟೋ ಕಲ್ಲುಗಳಲ್ಲಿ ಆ ಹೆಂಗಸಿನ ಹೆಸರು ಕೂಡ ಇಲ್ಲ, ಕೈ ಮಾತ್ರ ಇದೆ. ಅದರ ಮುಂದೆ ನಿಂತಾಗ ನನಗೆ ಭಕ್ತಿ ಬರುವುದಿಲ್ಲ, ಸಂಕಟ ಆಗುತ್ತದೆ.

ಮುಂದೆ ರಾಜರು ಹೋದರು, ಕೊಟ್ಟ ಹೊಲ ಕೈ ಬದಲಾಯಿತು, ಹಳಗನ್ನಡದ ಅಕ್ಷರ ಓದುವವರು ಊರಲ್ಲಿ ಉಳಿಯಲಿಲ್ಲ. ಕೆಲವು ಕಲ್ಲುಗಳು ಎಣ್ಣೆ ಕುಂಕುಮ ಹಚ್ಚಿಸಿಕೊಂಡು ದೇವರಾದವು, ಕೆಲವು ಚರಂಡಿಗೆ ಚಪ್ಪಡಿಯಾದವು, ಕೆಲವು ಬಟ್ಟೆ ಒಗೆಯುವ ಕಲ್ಲಾದವು. ಬಿ.ಎಲ್. ರೈಸ್ ಊರೂರಿನ ಶಾಸನಗಳನ್ನು ಸೇರಿಸಿ 1886ರಿಂದ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ತರದೆ ಹೋಗಿದ್ದರೆ ಇನ್ನೂ ಎಷ್ಟು ಹೆಸರು ಹೋಗುತ್ತಿದ್ದವೋ. ಬೆಂಗಳೂರಿನ ಬೇಗೂರಿನಲ್ಲಿರುವ ನಾಗೇಶ್ವರ ಗುಡಿಯ ಕಲ್ಲನ್ನೇ ನೋಡಿ. ಸುಮಾರು ಕ್ರಿ.ಶ. 890ರದು. ಗಂಗರ ಅಧಿಕಾರಿ ನಾಗತ್ತರನ ಕಡೆಯವರು ‘ಬೆಂಗುಳೂರ’ ಕಾಳಗದಲ್ಲಿ ಸತ್ತದ್ದನ್ನು ಹೇಳಲು ನಿಲ್ಲಿಸಿದ್ದು. ಇವತ್ತು ನಾವು ಅದನ್ನು ಓದುವುದು ಊರಿನ ಹೆಸರಿಗಾಗಿ, ಸತ್ತವರಿಗಾಗಿ ಅಲ್ಲ. ಈಗ ಮಿಥಿಕ್ ಸೊಸೈಟಿ ಎಂಬ ಸಂಶೋಧನಾ ಸಂಸ್ಥೆಯವರು ಬೆಂಗಳೂರಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಅದು ದೊಡ್ಡ ಕೆಲಸ.

ನಮ್ಮ ಕಾಲದ್ದು ‘ಭಾವಪೂರ್ಣ ಶ್ರದ್ಧಾಂಜಲಿ’ಯ ಫ್ಲೆಕ್ಸು, ವಾಟ್ಸಾಪ್ ಸ್ಟೇಟಸ್ಸು. ಫ್ಲೆಕ್ಸು ಎರಡು ಮಳೆಗೆ ಬಿಳುಚುತ್ತದೆ, ಸ್ಟೇಟಸ್ಸು 24 ಗಂಟೆಗೆ ಹೋಗುತ್ತದೆ. ದುಃಖ ಕಡಿಮೆ ಅಂತ ನಾನು ಹೇಳುತ್ತಿಲ್ಲ. ಅದನ್ನು ಮುಂದೆ ನೋಡಿಕೊಳ್ಳುವವರನ್ನು ನಾವು ಗೊತ್ತುಮಾಡುವುದಿಲ್ಲ, ಅಷ್ಟೇ.

ಆದರೆ ನೆತ್ತರುಕೊಡಗೆಯ ಬುದ್ಧಿ ಪೂರ್ತಿ ಸತ್ತಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸ, ವಿಶ್ವವಿದ್ಯಾಲಯದ ಚಿನ್ನದ ಪದಕ, ದೇವಸ್ಥಾನದ ಶಾಶ್ವತ ಪೂಜೆ, ಇವೆಲ್ಲ ಅದೇ ಜಾತಿಯವು. ಗದ್ದೆಯ ಬದಲು ಠೇವಣಿ, ಗೊರವನ ಬದಲು ಕಾರ್ಯದರ್ಶಿ. ವರ್ಷಕ್ಕೊಮ್ಮೆ ಅಮ್ಮನ ಹೆಸರನ್ನು ಯಾರೋ ಮೈಕಿನಲ್ಲಿ ಓದುತ್ತಾರೆ. ಕಷ್ಟ ಏನೆಂದರೆ ಗದ್ದೆ ವರ್ಷ ವರ್ಷ ಬೆಳೆಯುತ್ತಿತ್ತು, ಠೇವಣಿ ಹಾಗಲ್ಲ. ನಲವತ್ತು ವರ್ಷದ ಹಿಂದೆ ಇಟ್ಟ ಸಾವಿರ ರೂಪಾಯಿಯ ಬಡ್ಡಿಯಲ್ಲಿ ಇವತ್ತು ಒಂದು ಒಳ್ಳೆಯ ಹಾರ ಕೂಡ ಬರುವುದಿಲ್ಲ. ನಿಮ್ಮ ಮನೆಯವರ ಹೆಸರಿನಲ್ಲೂ ಅಂಥ ದತ್ತಿ ಇದ್ದರೆ, ಅದು ಇನ್ನೂ ನಡೆಯುತ್ತಿದೆಯಾ ಅಂತ ಒಮ್ಮೆ ಹೋಗಿ ಕೇಳಿ.