ಕಲೆಯಿಂದ ಊರು ಗಟ್ಟಿಯಾಗುವ ಬಗೆ: ಮಲೆನಾಡಿನ ಉದಾಹರಣೆಗಳೊಂದಿಗೆ ಒಂದು ಅಧ್ಯಯನ ಟಿಪ್ಪಣಿ

ಎರಡು ಬಗೆಯ ನಂಟು

ಸಮುದಾಯ ಅಭಿವೃದ್ಧಿಯ ಪಾಠದಲ್ಲಿ ಮೊದಲು ಎದುರಾಗುವುದು ಸಾಮಾಜಿಕ ಬಂಡವಾಳ ಎಂಬ ಪರಿಕಲ್ಪನೆ. ಜನರ ನಡುವಿನ ಪರಿಚಯ, ನಂಬಿಕೆ, ಕೊಟ್ಟು ತೆಗೆದುಕೊಳ್ಳುವ ರೂಢಿ ಇವೆಲ್ಲ ಸೇರಿ ಊರಿಗೆ ಒದಗುವ ಬಲವೇ ಅದು. ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಪಟ್ನಮ್ ಇದರಲ್ಲಿ ಎರಡು ಬಗೆಯನ್ನು ಬೇರ್ಪಡಿಸುತ್ತಾರೆ: ಒಂದೇ ಗುಂಪಿನವರನ್ನು ಇನ್ನಷ್ಟು ಹತ್ತಿರ ತರುವ ಒಳನಂಟು, ಬೇರೆ ಬೇರೆ ಗುಂಪಿನವರನ್ನು ಸೇರಿಸುವ ಹೊರನಂಟು. ಇಷ್ಟರಲ್ಲಿ ಕಷ್ಟವೇನೂ ಇಲ್ಲದ ಕಾರಣ ಮುಂದಿನದಕ್ಕೆ ಹೋಗುತ್ತೇನೆ.

ಯಾವುದು ಮೊದಲು: ಕಲೆಯೋ, ಒಗ್ಗಟ್ಟೋ?

ಈ ವಿಷಯದಲ್ಲಿ ಅತ್ಯಂತ ತೊಡಕಿನ ಹೆಜ್ಜೆ ಇದೇ. ಆದ್ದರಿಂದ ಇದಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ. ಇಟಲಿಯಲ್ಲಿ 1970ರಲ್ಲಿ ಪ್ರಾದೇಶಿಕ ಸರ್ಕಾರಗಳು ಏರ್ಪಟ್ಟವು. ಅವುಗಳ ಕೆಲಸವನ್ನು ಸುಮಾರು ಎರಡು ದಶಕ ಗಮನಿಸಿದ ಪಟ್ನಮ್, ಸಮೂಹಗಾಯನ ಮಂಡಳಿಗಳು, ಕ್ರೀಡಾ ಸಂಘಗಳು ಹೆಚ್ಚಾಗಿದ್ದ ಉತ್ತರದ ಪ್ರದೇಶಗಳಲ್ಲಿ ಆಡಳಿತವೂ ಚೆನ್ನಾಗಿ ನಡೆದದ್ದನ್ನು 1993ರಲ್ಲಿ ಪ್ರಕಟಿಸಿದರು. ಓದಿದ ಕೂಡಲೇ 'ಹಾಡಿದರು, ಆದ್ದರಿಂದ ಒಗ್ಗಟ್ಟಾದರು' ಎಂದು ಬರೆದುಬಿಡುವುದು ಸುಲಭ. ಆದರೆ ಮೊದಲೇ ಒಗ್ಗಟ್ಟಿದ್ದ, ಹೊಟ್ಟೆಬಟ್ಟೆಯ ಚಿಂತೆ ಕಡಿಮೆಯಿದ್ದ ಊರಿನವರಿಗೆ ಸಂಜೆ ಸೇರಿ ಹಾಡುವುದಕ್ಕೆ ಪುರಸೊತ್ತು ಸಿಕ್ಕಿರಲೂಬಹುದಲ್ಲವೇ? ಎರಡು ಸಂಗತಿಗಳು ಒಟ್ಟಿಗೆ ಕಂಡ ಮಾತ್ರಕ್ಕೆ ಕಾರಣ ಯಾವುದು, ಪರಿಣಾಮ ಯಾವುದು ಎಂಬುದು ತೀರ್ಮಾನವಾಗುವುದಿಲ್ಲ.

ಇದನ್ನು ನಮ್ಮ ಶಿವಮೊಗ್ಗ ಜಿಲ್ಲೆಗೆ ತಂದು ನೋಡಿದರೆ ತಿಳಿಯಾಗುತ್ತದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಮ್, 1949ರಲ್ಲಿ ಊರಿನವರ ಹವ್ಯಾಸಿ ನಾಟಕ ತಂಡವಾಗಿ ಹುಟ್ಟಿತು. 1973ರಲ್ಲಿ ಒಳ್ಳೆಯ ಸಿನಿಮಾ ತೋರಿಸುವ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತಿ ನಾಟಕ ಆಡುವ ತಂಡವಾದ ತಿರುಗಾಟ ಒಂದೊಂದಾಗಿ ಸೇರಿಕೊಂಡವು. ಈ ಕೆಲಸದ ಹಿಂದಿದ್ದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಇಲ್ಲಿಯೂ ಅದೇ ಆಕ್ಷೇಪವನ್ನು ಎತ್ತಬಹುದು: ಅದು ಅಡಿಕೆ ತೋಟದ ಸೀಮೆ, ಕೊನೆಕೊಯ್ಲು, ಅಂದರೆ ಅಡಿಕೆ ಗೊನೆಗಳ ಕೊಯ್ಲು, ಮುಗಿದ ಮೇಲೆ ತೋಟದವರಿಗೆ ಬಿಡುವಿರುತ್ತದೆ, ಕೈಯಲ್ಲಿ ಅಷ್ಟಿಷ್ಟು ದುಡ್ಡೂ ಇರುತ್ತದೆ. ಆಕ್ಷೇಪ ಸರಿಯೇ. ಆದರೆ ಅಡಿಕೆ ಬೆಳೆಯುವ ಊರುಗಳು ಮಲೆನಾಡಿನ ತುಂಬ ಇವೆ, ಅವುಗಳಲ್ಲೆಲ್ಲ ಇಂಥ ಸಂಸ್ಥೆ ಹುಟ್ಟಲಿಲ್ಲ. ಹಾಗಾಗಿ ಬಿಡುವು ಮತ್ತು ದುಡ್ಡು ಅನುಕೂಲಗಳಷ್ಟೇ. ಫಲಿತಾಂಶವನ್ನು ಅವೆರಡರಿಂದಲೇ ವಿವರಿಸಲಾಗುವುದಿಲ್ಲ.

ಇನ್ನೊಂದು ಪರೀಕ್ಷೆಯೂ ಇದೆ. ಕಲೆಗೆ ಸಂಬಂಧವೇ ಇಲ್ಲದ ಯಾವ ಕೆಲಸ ಆ ಊರಿನಲ್ಲಿ ಆಮೇಲೆ ಸಾಧ್ಯವಾಯಿತು ಎಂದು ಹುಡುಕಬೇಕು. ಹೆಗ್ಗೋಡಿನ ಮಗ್ಗುಲಿನ ಭೀಮನಕೋಣೆಯಲ್ಲಿ ಮಹಿಳೆಯರು ನಡೆಸುವ ಚರಕ ಎಂಬ ಕೈಮಗ್ಗದ ಸಹಕಾರಿ ಸಂಘ ಇದಕ್ಕೆ ಒಳ್ಳೆಯ ಉದಾಹರಣೆ. ರಂಗನಿರ್ದೇಶಕ ಪ್ರಸನ್ನ ಅದನ್ನು ಕಟ್ಟಲು ಮುಂದಾದವರು. ನಾಟಕದ ನಂಟಿನಿಂದ ಆ ಕಡೆಗೆ ಬಂದವರೊಬ್ಬರು ನೂಲು, ಬಣ್ಣ, ಕೂಲಿಯ ವಿಷಯಕ್ಕೆ ಕೈಹಾಕಿದರು. ಒಗ್ಗಟ್ಟಿನಿಂದ ಕಲೆ, ಕಲೆಯಿಂದ ಪರಿಚಯ, ಪರಿಚಯದಿಂದ ಇನ್ನೊಂದು ಕೆಲಸ ಹೀಗೆ ಒಂದು ಸುತ್ತು ಇಲ್ಲಿ ಕಾಣುತ್ತದೆ. ಸುತ್ತು ಎಂದು ಒಪ್ಪಿಕೊಂಡರೆ 'ಯಾವುದು ಮೊದಲು' ಎಂಬುದಕ್ಕಿಂತ 'ಎಲ್ಲಿ ಕೈಹಾಕಬಹುದು' ಎಂಬ ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಂಬಿಕೆಯನ್ನು ಯಾವ ಯೋಜನೆಯಿಂದಲೂ ನೇರವಾಗಿ ಮಂಜೂರು ಮಾಡಲಾಗದು. ಕೂಡಿ ಮಾಡುವ ಒಂದು ಕೆಲಸವನ್ನು ಮಾತ್ರ ಶುರು ಮಾಡಬಹುದು.

ಹಿಂದಿನ ವಾರದ ಪ್ರಶ್ನೆ

ಒಂದು ಕಾರ್ಯಕ್ರಮ ಊರನ್ನು ಗಟ್ಟಿಗೊಳಿಸೀತೇ ಎಂದು ಅಳೆಯಲು ನಾನು ಬಳಸುವ ಸುಲಭ ದಾರಿ ಇದು: ವೇದಿಕೆಯನ್ನು ಬಿಟ್ಟು ಅದರ ಹಿಂದಿನ ವಾರವನ್ನು ನೋಡುವುದು. ಯಾರು ಯಾರಿಗೆ ಫೋನ್ ಮಾಡಿದರು, ಜಮಖಾನ ಯಾರ ಮನೆಯಿಂದ ಬಂತು, ಅಡಿಗೆಗೆ ಯಾರು ನಿಂತರು, ಲೆಕ್ಕ ಯಾರ ಕೈಯಲ್ಲಿತ್ತು? ಎಲ್ಲ ಉತ್ತರವೂ ಒಬ್ಬ ಗುತ್ತಿಗೆದಾರನ ಹೆಸರೇ ಆದರೆ, ಸಾವಿರ ಜನ ಸೇರಿದ್ದರೂ ಊರಿಗೆ ಉಳಿಯುವುದು ಒಂದು ಸಂಜೆಯ ಮನರಂಜನೆ ಮಾತ್ರ.

ಮಳೆಗಾಲದ ತಾಳಮದ್ದಳೆಯನ್ನು, ಅಂದರೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವನ್ನು, ಈ ಪ್ರಶ್ನೆಗೆ ಒಡ್ಡಿ ನೋಡಿ. ವೇಷವಿಲ್ಲ, ಕುಣಿತವಿಲ್ಲ, ರಂಗಸ್ಥಳವೂ ಬೇಡ. ಒಂದು ಜಗಲಿ, ಪದ ಹಾಡುವ ಒಬ್ಬ ಭಾಗವತರು, ಮದ್ದಳೆ, ಪಾತ್ರಗಳಾಗಿ ಮಾತಾಡುವ ನಾಲ್ಕಾರು ಅರ್ಥಧಾರಿಗಳು ಸಾಕು. ಹಗಲು ಶಾಲೆಯಲ್ಲಿ ಪಾಠ ಹೇಳುವವರು ರಾತ್ರಿ ಕೃಷ್ಣನಾಗಿ, ಅಂಗಡಿ ನಡೆಸುವವರು ಕೌರವನಾಗಿ ಎದುರುಬದುರು ಕೂತು ಮಾತಿಗೆ ಮಾತು ಹೂಡುತ್ತಾರೆ. ಒಬ್ಬರ ವಾದವನ್ನು ಇನ್ನೊಬ್ಬರು ಎಷ್ಟೇ ಖಾರವಾಗಿ ಮುರಿದರೂ ಪ್ರಸಂಗ ಮುಗಿದ ಮೇಲೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರೆ. ಮನಸ್ತಾಪವಿಲ್ಲದೆ ಭಿನ್ನಾಭಿಪ್ರಾಯ ಹೇಳುವ ಈ ಅಭ್ಯಾಸ ಗ್ರಾಮಸಭೆಗೂ ಬೇಕಾದದ್ದು. ಖರ್ಚು ಕಡಿಮೆಯಾದ್ದರಿಂದ, ನಂಬಿಕೆ ತೆಳುವಾಗಿರುವ ಊರಿನಲ್ಲಿ ವೇಷ ಕಟ್ಟಿ ಕುಣಿಯುವ ಯಕ್ಷಗಾನ ಮೇಳದ ಆಟಕ್ಕಿಂತ ಇದರಿಂದ ಆರಂಭಿಸುವುದು ಜಾಣತನ ಎಂಬುದು ನನ್ನ ಅಭಿಪ್ರಾಯ.

ದೀಪಾವಳಿಯ ಅಂಟಿಗೆ-ಪಂಟಿಗೆ ಇದಕ್ಕಿಂತಲೂ ಸ್ಪಷ್ಟವಾದ ಉದಾಹರಣೆ. ಮಲೆನಾಡಿನ ಮನೆಗಳು ಬಯಲುಸೀಮೆಯ ಹಾಗೆ ಒತ್ತಾಗಿರುವುದಿಲ್ಲ. ತೋಟ, ಗದ್ದೆ, ಗುಡ್ಡಗಳ ನಡುವೆ ಒಂದಿಲ್ಲಿ, ಒಂದಲ್ಲಿ ಇರುತ್ತವೆ. ಹಾಗಾಗಿ ಇಲ್ಲಿ ಕಲೆಯೇ ಎದ್ದು ನಡೆಯಬೇಕಾಗುತ್ತದೆ. ಹಾಡುಗಾರರು ದೀಪವನ್ನು ಆರದಂತೆ ಕಾಪಾಡಿಕೊಂಡು ಕತ್ತಲಲ್ಲಿ ಮನೆಯಿಂದ ಮನೆಗೆ ಹೋಗುತ್ತಾರೆ, ಬಾಗಿಲು ತೆಗೆಸುವ ಪದ ಹಾಡುತ್ತಾರೆ. ಮನೆಯವರು ಆ ದೀಪಕ್ಕೆ ಎಣ್ಣೆ ಎರೆದು, ಅದರಿಂದ ತಮ್ಮ ದೀಪ ಹೊತ್ತಿಸಿಕೊಂಡು ಅಕ್ಕಿ, ಕಾಯಿ, ಕಾಣಿಕೆ ಕೊಡುತ್ತಾರೆ. ಇಲ್ಲಿ ಪ್ರೇಕ್ಷಕ ಎಂದು ಪ್ರತ್ಯೇಕವಾಗಿ ಯಾರೂ ಇಲ್ಲ, ಏಕೆಂದರೆ ಎಣ್ಣೆ ಎರೆಯದೆ ದೀಪ ಮುಂದಿನ ಮನೆಗೆ ಹೋಗುವುದಿಲ್ಲ. ಆದರೆ ತಂಡದಲ್ಲಿ ಸಾಂಪ್ರದಾಯಿಕವಾಗಿ ಗಂಡಸರೇ ಇರುತ್ತಾರೆ ಎಂಬುದನ್ನು ಪರೀಕ್ಷೆಯ ಉತ್ತರ ಬರೆಯುವಾಗ ಸೇರಿಸಲೇಬೇಕು. ಯಾವ ಕಲೆಯನ್ನು ಹೊಗಳಿ ಬರೆದರೂ ಅದರಿಂದ ಹೊರಗುಳಿದವರು ಯಾರು ಎಂದು ಒಂದು ಸಾಲು ಸೇರಿಸದಿದ್ದರೆ ಹೊರನಂಟಿನ ಮಾತು ಅಪೂರ್ಣವಾಗುತ್ತದೆ.

ದುಡ್ಡು ಬಂದಾಗ

ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಬಣ್ಣದಲ್ಲಿ, ಪುಂಡಿನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಾರೆ. ಭೂಮಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹಬ್ಬದ ಬುಟ್ಟಿಗೂ ಇಂಥದೇ ಚಿತ್ತಾರ ಏರುತ್ತದೆ. ಈಗ ಇದು ಚೌಕಟ್ಟು ಹಾಕಿಸಿಕೊಂಡು ಮಾರಾಟಕ್ಕೂ ಬರುತ್ತಿದೆ. ಬರೆದವರ ಕೈಗೆ ದುಡ್ಡು ಬರುವುದು ಒಳ್ಳೆಯದೇ. ಅದನ್ನು ಕಲೆಯ ಅವನತಿ ಎಂದು ಬರೆಯುವ ಉತ್ತರಗಳು ನನಗೆ ಒಪ್ಪಿಗೆಯಿಲ್ಲ. ಆದರೆ ಮದುವೆ ಮನೆಯ ಗೋಡೆಗೆ ಬರೆಯುವಾಗ ಹಿರಿಯರ ಕೈನೋಡಿ ಕಿರಿಯರು ಕಲಿಯುತ್ತಾರೆ, ನೆರೆಯವರು ಸೇರುತ್ತಾರೆ. ಆರ್ಡರ್ ಪ್ರಕಾರ ಒಬ್ಬರೇ ಕಾಗದದ ಮೇಲೆ ಬರೆಯುವಾಗ ಆ ಸೇರುವಿಕೆ ತಾನಾಗಿ ಬರುವುದಿಲ್ಲ. ಚರಕದ ಮಾದರಿ ಇಲ್ಲಿ ಮತ್ತೆ ನೆನಪಾಗುತ್ತದೆ: ದುಡಿಮೆ, ಲೆಕ್ಕ, ಮಾರಾಟವನ್ನು ಸಂಘದ ಕೈಯಲ್ಲಿ ಇಟ್ಟರೆ ಆದಾಯವೂ ಬರುತ್ತದೆ, ಕೂಡಿ ಕೂರುವ ಜಾಗವೂ ಉಳಿಯುತ್ತದೆ. ಬೆಲೆ ನಿಗದಿ ಮಾಡುವ ಸಭೆಯಲ್ಲಿ ಬರೆದವರೇ ಇದ್ದಾರೆಯೇ ಎಂಬುದನ್ನು ಹಿಂದಿನ ವಾರದ ಪ್ರಶ್ನೆಗಳ ಜೊತೆಗೇ ಕೇಳಿಕೊಳ್ಳಬೇಕು.