ಹೊಸ ದೇಶಕ್ಕೆ ಬಂದ ಎಂಜಿನಿಯರ್ ಇನ್ನೊಂದು ಡಿಗ್ರಿ ಮಾಡಬೇಕಾ?

ನನ್ನ ಹತ್ತಿರ ಸಲಹೆಗೆ ಬರುವ ಎಂಜಿನಿಯರ್‌ಗಳಲ್ಲಿ ಹೆಚ್ಚಿನವರು ತೀರ್ಮಾನ ಮಾಡಿಕೊಂಡೇ ಬಂದಿರುತ್ತಾರೆ. ವಲಸೆ ಬಂದು ಕೆಲವು ತಿಂಗಳಾಗಿರುತ್ತದೆ, ಕಳಿಸಿದ ಅರ್ಜಿಗಳಿಗೆ ಉತ್ತರ ಇರುವುದಿಲ್ಲ. ‘ಇಲ್ಲಿನ ಡಿಗ್ರಿ ಇಲ್ಲದೆ ಆಗಲ್ಲ ಸಾರ್, ಮಾಸ್ಟರ್ಸ್‌ಗೆ ಸೇರಿಬಿಡ್ತೀನಿ. ಯಾವ ಯೂನಿವರ್ಸಿಟಿ ಒಳ್ಳೇದು?’ ಅನ್ನುತ್ತಾರೆ. ನಿಮ್ಮ ಕೆಲಸಕ್ಕೆ ಲೈಸೆನ್ಸ್ ಬೇಕಾ, ಬೇಡವಾ ಅಂತ ನಾನು ಕೇಳುತ್ತೇನೆ. ಸುಮಾರು ಜನ ಅದನ್ನು ವಿಚಾರಿಸಿಯೇ ಇರುವುದಿಲ್ಲ.

ಸಾಫ್ಟ್‌ವೇರ್‌ನವರು ಈ ಚಿಂತೆ ಬಿಡಬಹುದು. ಅಮೆರಿಕದಲ್ಲಿ ಅವರಿಗೆಂದೇ ಒಂದು ಪಿಇ (ಎಂಜಿನಿಯರ್ ಲೈಸೆನ್ಸ್‌ಗೆ ಬರೆಯುವ) ಪರೀಕ್ಷೆ ಇತ್ತು, ಬರೆಯುವವರು ತೀರಾ ಕಡಿಮೆಯಾಗಿ 2019ರಲ್ಲಿ ಅದನ್ನು ನಿಲ್ಲಿಸಿದರು. ಅಲ್ಲಿ ಕಾರ್ಖಾನೆಗಳಲ್ಲಿ ಯಂತ್ರ ವಿನ್ಯಾಸ ಮಾಡುವ ಬಹಳಷ್ಟು ಜನರಿಗೂ ಲೈಸೆನ್ಸ್ ಇಲ್ಲ. ಕಟ್ಟಡ, ಸೇತುವೆಗಳ ನಕ್ಷೆಗೆ ಸಹಿ, ಸೀಲು ಹಾಕುವ ಕಡೆ ಮಾತ್ರ ಅದಿಲ್ಲದೆ ನಡೆಯುವುದಿಲ್ಲ. ಆದರೂ ಲೈಸೆನ್ಸ್ ಇರುವ ಎಂಜಿನಿಯರ್ ಕೈಕೆಳಗೆ ಕೆಲಸ ಮಾಡಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ದೇಶದಿಂದ ದೇಶಕ್ಕೆ ನಿಯಮ ಬೇರೆ, ಒಂದೇ ದೇಶದೊಳಗೂ ಬೇರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ನೋಂದಣಿ ಕಡ್ಡಾಯ. ಬ್ರಿಟನ್‌ನಲ್ಲಿ ಯಾರು ಬೇಕಾದರೂ ಎಂಜಿನಿಯರ್ ಅಂತ ಬೋರ್ಡು ಹಾಕಿಕೊಳ್ಳಬಹುದು, ಚಾರ್ಟರ್ಡ್ ಎಂಜಿನಿಯರ್ ಅನ್ನುವಂತಿಲ್ಲ ಅಷ್ಟೆ.

ನಂತರ ಬರುವುದು ಹಳೆಯ ಡಿಗ್ರಿಯ ಬೆಲೆ. 1989ರಲ್ಲಿ ಆರು ದೇಶಗಳು ಸೇರಿ ವಾಷಿಂಗ್ಟನ್ ಒಪ್ಪಂದ ಮಾಡಿಕೊಂಡವು. ಒಂದು ದೇಶದಲ್ಲಿ ಮಾನ್ಯತೆ ಪಡೆದ ಎಂಜಿನಿಯರಿಂಗ್ ಕೋರ್ಸನ್ನು ಉಳಿದ ದೇಶಗಳೂ ಸಮಾನ ಅಂತ ಒಪ್ಪಬೇಕು ಅನ್ನುವುದು ಅದರ ತಿರುಳು. ಭಾರತ 2014ರಲ್ಲಿ ಪೂರ್ಣ ಸದಸ್ಯನಾಯಿತು. ಹಾಗಂತ ಭಾರತದ ಬಿಇ ಎಲ್ಲವೂ ಅದರಡಿ ಬರುವುದಿಲ್ಲ. ಕೋರ್ಸುಗಳಿಗೆ ಮಾನ್ಯತೆ ಕೊಡುವ ಭಾರತದ ಸಂಸ್ಥೆ ಎನ್‌ಬಿಎ ‘ಟಿಯರ್-1’ ದರ್ಜೆಯ ಮಾನ್ಯತೆ ಕೊಟ್ಟ ಕೋರ್ಸುಗಳಿಗೆ ಮಾತ್ರ ಅನ್ವಯ. ಕಾಲೇಜಿನ ಹೆಸರು ದೊಡ್ಡದಿದ್ದರೆ ಸಾಲದು, ನೀವು ಓದಿದ ಬ್ರಾಂಚ್‌ಗೆ, ನೀವು ಪಾಸಾದ ವರ್ಷದಲ್ಲಿ ಮಾನ್ಯತೆ ಇತ್ತಾ ನೋಡಬೇಕು. ಇಲ್ಲದಿದ್ದರೂ ದಾರಿ ಮುಚ್ಚಿಲ್ಲ. ಪರೀಕ್ಷೆ ಬರೆದೋ, ಅನುಭವ ತೋರಿಸಿಯೋ ದಾಟಬಹುದು, ಸ್ವಲ್ಪ ಸುತ್ತುದಾರಿ.

ಅನುಭವದ ವಿಷಯದಲ್ಲೇ ನಮ್ಮವರು ಜಾಸ್ತಿ ಕಳೆದುಕೊಳ್ಳುವುದು. ಕೆನಡಾದ ಒಂಟಾರಿಯೋ ಪ್ರಾಂತ್ಯ ಲೈಸೆನ್ಸ್‌ಗೆ ‘ಕನಿಷ್ಠ ಒಂದು ವರ್ಷ ಕೆನಡಾದಲ್ಲೇ ಕೆಲಸ ಮಾಡಿರಬೇಕು’ ಅನ್ನುವ ಷರತ್ತನ್ನು 2023ರಲ್ಲಿ ತೆಗೆದುಹಾಕಿತು. ಈಗ ಬೇಕಿರುವುದು 48 ತಿಂಗಳ ಎಂಜಿನಿಯರಿಂಗ್ ಅನುಭವ, ಹೊರದೇಶದ್ದೂ ಲೆಕ್ಕಕ್ಕೆ ಬರುತ್ತದೆ. ಆದರೆ ಅದನ್ನು ಬರೆದು ತೋರಿಸಬೇಕು. ಆಸ್ಟ್ರೇಲಿಯಾಕ್ಕೆ ಸಿಡಿಆರ್ (ವಲಸೆಗಾಗಿ ತಮ್ಮ ಎಂಜಿನಿಯರಿಂಗ್ ಸಾಮರ್ಥ್ಯ ತೋರಿಸುವ ವರದಿ) ಸಲ್ಲಿಸುವವರೂ ಮೂರು ವೃತ್ತಿ ಕಥನ ಬರೆಯಬೇಕು. ಅಲ್ಲಿ ಒಬ್ಬ ಸಿವಿಲ್ ಎಂಜಿನಿಯರ್ ಬರೆದು ತರುವುದು ಹೀಗಿರುತ್ತದೆ: ‘ನಮ್ಮ ತಂಡ ಹನ್ನೆರಡು ಅಂತಸ್ತಿನ ಕಟ್ಟಡವನ್ನು ಯಶಸ್ವಿಯಾಗಿ ಮುಗಿಸಿತು.’ ಇದರಲ್ಲಿ ಅವರು ಎಲ್ಲಿದ್ದಾರೆ? ಪಕ್ಕದಲ್ಲಿ ಕೂರಿಸಿಕೊಂಡು ಕೆದಕಿದರೆ ಹೊರಗೆ ಬರುತ್ತದೆ: ಪೈಲ್ (ಅಡಿಪಾಯಕ್ಕೆ ನೆಲದಾಳಕ್ಕೆ ಇಳಿಸುವ ಕಂಬ) ಲೋಡ್ ಟೆಸ್ಟ್‌ನಲ್ಲಿ ಕುಸಿತ ಮಿತಿಗಿಂತ ಜಾಸ್ತಿ ಬಂತು, ಮಣ್ಣಿನ ವರದಿ ಮತ್ತೆ ತೆಗೆದು ನೋಡಿದರು, ಪೈಲ್‌ಗಳ ಸಂಖ್ಯೆ ಹೆಚ್ಚಿಸಿ ಪೈಲ್ ಕ್ಯಾಪ್ ಲೆಕ್ಕ ಹೊಸದಾಗಿ ಮಾಡಿದರು, ಕನ್ಸಲ್ಟೆಂಟ್‌ನನ್ನು ಒಪ್ಪಿಸಿದರು. ಎಂಜಿನಿಯರಿಂಗ್ ಅಂದರೆ ಇದೇ ಅಲ್ವಾ! ಮೌಲ್ಯಮಾಪಕರು ಹುಡುಕುವುದೂ ಇದನ್ನೇ. ದುಡ್ಡು ಕೊಟ್ಟು ಯಾರದೋ ಕೈಲಿ ಬರೆಸಬೇಡಿ. ನಕಲು ಅಂತ ಗೊತ್ತಾದರೆ ಅರ್ಜಿ ತಿರಸ್ಕಾರವಾಗುವುದಲ್ಲದೆ ಮತ್ತೆ ಅರ್ಜಿ ಹಾಕದಂತೆ ತಡೆಯೂ ಬೀಳಬಹುದು.

ಹಾಗೆಯೇ, ನಿಮ್ಮ ಕೆಲಸ ನೋಡಿದ ಹಳೆಯ ಬಾಸ್ ‘ಹೌದು, ಇವರೇ ಮಾಡಿದ್ದು’ ಅನ್ನಬೇಕಾಗುತ್ತದೆ. ಅವರು ಕಂಪನಿ ಬಿಟ್ಟ ದಿನ ಅವರ ಕಂಪನಿ ಇಮೇಲ್ ಸತ್ತುಹೋಗುತ್ತದೆ. ಅವರ ಸ್ವಂತ ಇಮೇಲ್ ವಿಳಾಸ, ಫೋನ್ ನಂಬರ್ ಇಸ್ಕೊಂಡಿರಿ. ಓದಿದ ವರ್ಷದ ಸಿಲಬಸ್, ಯೂನಿವರ್ಸಿಟಿಯಿಂದ ನೇರವಾಗಿ ಹೋಗಬೇಕಾದ ಅಂಕಪಟ್ಟಿ, ಇವನ್ನೂ ಊರು ಬಿಡುವ ಮುಂಚೆಯೇ ವಿಚಾರಿಸುವುದು ಲೇಸು.

ಇಷ್ಟೆಲ್ಲ ನೋಡಿದ ಮೇಲೂ ಓದು ಬೇಕು ಅನ್ನಿಸಿದರೆ ಎಷ್ಟು ಓದು ಅನ್ನುವುದು ಪ್ರಶ್ನೆ. ಎಂಟು ವರ್ಷ ಸ್ಟ್ರಕ್ಚರಲ್ ಡಿಸೈನ್ ಮಾಡಿದವರಿಗೆ ಬೆಂಡಿಂಗ್ ಮೊಮೆಂಟ್ ಮತ್ತೆ ಯಾರೂ ಕಲಿಸಬೇಕಿಲ್ಲ. ಕಾಂಕ್ರೀಟ್ ವಿನ್ಯಾಸಕ್ಕೆ ಭಾರತದ ನಿಯಮಾವಳಿ ಐಎಸ್ 456 ಬಿಟ್ಟು ಅಮೆರಿಕದಲ್ಲಾದರೆ ಎಸಿಐ 318, ಯುರೋಪಿನಲ್ಲಾದರೆ ಯೂರೋಕೋಡ್ 2 ಕೈಗೆ ಹತ್ತಬೇಕು. ಅದಕ್ಕೆ ಸಂಜೆ ಕೋರ್ಸು ಸಾಕು. ಎರಡು ವರ್ಷದ ಮಾಸ್ಟರ್ಸ್ ಮಾಡಿದರೆ ಕಂಪನಿಗಳು ಅವರನ್ನು ಫ್ರೆಶರ್ ಸಾಲಿನಲ್ಲಿ ನಿಲ್ಲಿಸುವ ಅಪಾಯವೂ ಇದೆ, ಹಳೆಯ ಎಂಟು ವರ್ಷ ಮಸುಕಾಗುತ್ತದೆ. ಕ್ಷೇತ್ರವನ್ನೇ ಬದಲಿಸುವವರಿಗೆ, ಸಂಶೋಧನೆಗೆ ಹೋಗುವವರಿಗೆ ಮಾಸ್ಟರ್ಸ್ ಸರಿಯಾದ ದಾರಿ. ಸುಮ್ನೆ ಮನೆಯಲ್ಲಿ ಕೂರಲಾಗದೆ ಸೇರುವುದು ಮಾತ್ರ ಬೇಡ.

ಕೋರ್ಸು ನಡೆಯುವಾಗ ಹೊಟ್ಟೆಪಾಡಿಗೆ ಗೋದಾಮಿನ ಕೆಲಸಕ್ಕಿಂತ ಡ್ರಾಫ್ಟ್ಸ್‌ಮನ್, ಎಸ್ಟಿಮೇಟರ್, ಕಾಂಕ್ರೀಟ್ ಟೆಸ್ಟಿಂಗ್ ಲ್ಯಾಬ್‌ನಂಥ ಕೆಲಸ ಹಿಡಿಯಿರಿ. ಹುದ್ದೆ ಚಿಕ್ಕದಾದರೂ ಸುತ್ತ ಎಂಜಿನಿಯರ್‌ಗಳೇ ಇರುತ್ತಾರೆ.

ಇನ್ನು ಕಾಲೇಜು ಆರಿಸುವಾಗ ರ‍್ಯಾಂಕಿಂಗ್ ನೋಡುತ್ತಾ ಕೂರಬೇಡಿ. ಕೋರ್ಸಿನಲ್ಲಿ ಸಂಬಳದ ಕೋ-ಆಪ್ (ಓದಿನ ಭಾಗವಾಗಿ ಕಂಪನಿಯಲ್ಲಿ ಕೆಲಸ) ಇದೆಯಾ, ಹೋದ ವರ್ಷದವರು ಯಾವ ಕಂಪನಿಗೆ ಹೋದರು, ಕಾಯಂ ನಿವಾಸಿಗಳಿಗೆ ಸ್ಥಳೀಯರ ಫೀಸೇ ಅನ್ವಯವಾಗುತ್ತಾ ಅಂತ ಬರಹದಲ್ಲಿ ಕೇಳಿ. ಹಾರಿಕೆ ಉತ್ತರ ಬಂದರೆ ಅಲ್ಲಿ ಅರ್ಜಿ ಫೀಸೂ ಕಟ್ಟಬೇಡಿ.