ಬೀಜ ಸರಿ ಇಲ್ಲ ಎಂದ ಡಾಕ್ಟರರು

ಉಡುಪಿಯಲ್ಲಿ ಮೊನ್ನೆ ಮದುವೆ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯವರು ಸಾರು ಕಲಸುತ್ತಾ ಇನ್ನೊಬ್ಬರಿಗೆ ಹೇಳಿದರು: "ಆ ಹುಡುಗಿಯ ಸಂಬಂಧ ಬೇಡ ಮಾರಾಯ್ರೆ, ಅಣ್ಣ ಹುಟ್ಟು ಕಿವುಡ. ಬೀಜವೇ ಸರಿ ಇಲ್ಲ." ಹೇಳಿದವರು ಡಾಕ್ಟರು. ನನಗೆ ತುತ್ತು ಗಂಟಲಲ್ಲೇ ನಿಂತಿತು.

ಇದೇ ಮಾತು ಒಂದು ದೇಶದಲ್ಲಿ ಕಾನೂನಾಗಿತ್ತು. 1933ರ ಜುಲೈ 14ರಂದು ಜರ್ಮನಿಯಲ್ಲಿ ಹಿಟ್ಲರನ ಸರ್ಕಾರ ತಂದ, ಬಲವಂತವಾಗಿ ಮಕ್ಕಳಾಗದಂತೆ ಮಾಡುವ ಕಾನೂನಿನ ಪಟ್ಟಿಯಲ್ಲಿ ವಂಶದಲ್ಲಿ ಬರುವ ಕುರುಡು, ಕಿವುಡು, ಮೂರ್ಛೆರೋಗ, ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಎಲ್ಲ ಇದ್ದವು. ಅಂಥವರ ಹೆಸರು ಬರೆದು ಕಳಿಸಬೇಕಾದವರು ಡಾಕ್ಟರರು. ತೀರ್ಪು ಕೊಡುವ ಕೋರ್ಟಿನಲ್ಲಿ ಒಬ್ಬ ನ್ಯಾಯಾಧೀಶನ ಜೊತೆ ಇಬ್ಬರು ಡಾಕ್ಟರರು. ಮಕ್ಕಳಾಗದಂತೆ ಆಪರೇಷನ್ ಮಾಡುವವರೂ ಡಾಕ್ಟರರೇ. ಸುಮಾರು 4 ಲಕ್ಷ ಜನರಿಗೆ ಹೀಗಾಯಿತು.

ಸರ್ವಾಧಿಕಾರಿ ಹೆದರಿಸಿ ಮಾಡಿಸಿದ ಎಂದು ನಂಬಿದವರು ಬಹಳ. ಅಲ್ಲ. ಜರ್ಮನಿಯ ಡಾಕ್ಟರರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ನಾಜಿ ಪಕ್ಷ ಸೇರಿದರು. ಯಹೂದಿ ಡಾಕ್ಟರರನ್ನು ಹೊರಹಾಕಿದಾಗ ಖಾಲಿಯಾದ ಜಾಗಗಳು ಇವರಿಗೇ ಸಿಕ್ಕವು. ಆ ಕಾನೂನಿಗೆ ವ್ಯಾಖ್ಯಾನ ಬರೆದವರಲ್ಲಿ ಮ್ಯೂನಿಕ್‌ನ ಹೆಸರಾಂತ ಮನೋವೈದ್ಯ ಅರ್ನ್ಸ್ಟ್ ರೂಡಿನ್ ಒಬ್ಬ.

ಅನ್ಯಾಯ ಒಂದು ಕಡೆ, ಅವರ ಲೆಕ್ಕವೂ ತಪ್ಪು. ಹುಟ್ಟು ಕಿವುಡಿನ ಅನೇಕ ಬಗೆಗಳು ಅಪ್ಪನಿಂದೊಂದು, ಅಮ್ಮನಿಂದೊಂದು, ಹೀಗೆ ದೋಷವಿರುವ ಎರಡು ಜೀನ್ (ವಂಶವಾಹಿ) ಸೇರಿದರೆ ಮಾತ್ರ ಕಾಣಿಸುತ್ತವೆ. ಒಂದೇ ಇದ್ದವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಇಂಥದೊಂದು ತೊಂದರೆ 10,000ಕ್ಕೆ ಒಬ್ಬರಲ್ಲಿ ಇದೆ ಎನ್ನಿ. ಪರ್ಯಾಯದ ರಾತ್ರಿ ರಥಬೀದಿಯಲ್ಲಿ ಅಷ್ಟು ಜನ ಸೇರಿದರೆ ಕಿವುಡ ಒಬ್ಬ. ಆ ಜೀನನ್ನು ತನಗೇ ತಿಳಿಯದೆ ಹೊತ್ತವರು ಸುಮಾರು 200. ಮಣಿಪಾಲದ ಬಸ್ಸಿನಲ್ಲಿ 50 ಜನ ತುಂಬಿದರೆ ಅವರಲ್ಲೊಬ್ಬರು. ಮಲ್ಪೆಯ ದೋಣಿಯವರಿಗೆ ಗೊತ್ತು, ನೀರಿನ ಮೇಲೆ ಕಾಣುವ ಬಂಡೆಯನ್ನಷ್ಟೇ ಒಡೆದರೆ ದಾರಿ ಸಲೀಸಾಗುವುದಿಲ್ಲ. ಕಾಣಿಸಿದವರಿಗೆಲ್ಲ ಪ್ರತಿ ತಲೆಮಾರಿನಲ್ಲೂ ಆಪರೇಷನ್ ಮಾಡುತ್ತಾ ಹೋದರೂ ಆ ಜೀನ್ ಅರ್ಧಕ್ಕಿಳಿಯಲು 100 ತಲೆಮಾರು ಬೇಕು. ಎರಡೂವರೆ ಸಾವಿರ ವರ್ಷ!

ಈ ಲೆಕ್ಕದ ಸೂತ್ರ 1908ರಲ್ಲೇ ಇತ್ತು. ಕಂಡುಹಿಡಿದ ಇಬ್ಬರಲ್ಲಿ ಒಬ್ಬರು, ಮುಂದೆ ನಮ್ಮ ರಾಮಾನುಜನ್ನರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಗಣಿತಜ್ಞ ಹಾರ್ಡಿ. ಇನ್ನೊಬ್ಬರು ಜರ್ಮನಿಯವರೇ, ಸ್ಟಟ್‌ಗಾರ್ಟಿನಲ್ಲಿ ಹೆರಿಗೆ ಮಾಡಿಸುತ್ತಿದ್ದ ಡಾಕ್ಟರು ವೈನ್‌ಬರ್ಗ್.

ಆ ಕೋರ್ಟುಗಳ ತೀರ್ಪುಗಳನ್ನು ಜರ್ಮನಿ ಕಾನೂನು ಮಾಡಿ ರದ್ದುಪಡಿಸಿದ್ದು 1998ರಲ್ಲಿ. 1934ರಲ್ಲಿ 14 ವರ್ಷದವಳಾಗಿ ಆಪರೇಷನ್ ಟೇಬಲ್ ಹತ್ತಿದ ಹುಡುಗಿ ಬದುಕಿದ್ದರೆ ಆಗ ಅವಳಿಗೆ 78.